ತೊಟ್ಟಿ ಬದುಕಿದೆ

ತಾಶ್-ಬುಲಾಕ್, 12 ಅಕ್ಟೋಬರ್ 1996

ಜಿಬೆಕ್‌ಳ ಅಪ್ಪನಿಗೆ,

ನೀನು ರೈಲು ಹತ್ತಿದ ಮೇಲೆ ಬಂದದ್ದು ಒಂದೇ ಕಾಗದ, ಅದರಲ್ಲೂ ಅರ್ಧ ರಷ್ಯದ ಆ ತ್ಯುಮೆನ್ ಊರಿನ ಚಳಿಯ ವರ್ಣನೆ. ಚಳಿ ನಮಗೂ ಗೊತ್ತು ಮಾರಾಯ. ಉಂಡೆಯಾ, ಮಲಗಲು ಜಾಗ ಸಿಕ್ಕಿತಾ, ಅದನ್ನು ಬರೆ.

ಇಲ್ಲಿಯ ಸುದ್ದಿ ಕೇಳು. ನಿನ್ನೆ ನಾನು ನಿನ್ನ ಕೊಳಚೆನೀರು ಶುದ್ಧೀಕರಣ ಕೇಂದ್ರದ ಊಟದ ಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಾಗ ಡೈರೆಕ್ಟರ್ ಒಸ್ಮೊನ್ ಬಾಗಿಲಲ್ಲಿ ಬಂದು ನಿಂತರು. "ಝೂರಾ, ಅಡುಗೆ ಸಾಕು, ಎದ್ದು ಬಾ. ನಿನ್ನ ಗಂಡ ಹೋದಾಗಿಂದ ತೊಟ್ಟಿ ನೋಡೋರೇ ಇಲ್ಲ. ಸೋವಿಯತ್ ಮುರಿದ್ಮೇಲೆ ರಷ್ಯದೋರು ಹೋದ್ರು, ಜರ್ಮನ್ನರು ಹೋದ್ರು, ಉಳಿದೋರಿಗೆ ಮೂಗು ಜಾಸ್ತಿ. ಇನ್ಮೇಲೆ ನೀನೇ ನೋಡ್ಕೋ" ಅಂದರು. "ಅಯ್ಯೋ, ನಂಗೆ ಸಾರು ಬಿಟ್ರೆ ಇನ್ನೇನು ಗೊತ್ತು?" ಅಂದೆ. "ಇದೂ ಸಾರೇ ಕಣಮ್ಮ, ಇಡೀ ಊರಿನ ಸಾರು" ಅಂತ ನಕ್ಕರು. ಆಮೇಲೆ ನಗು ಬಿಟ್ಟು ಒಂದು ಮಾತು ಹೇಳಿದರು. "ತೊಟ್ಟಿ ಬದುಕಿರೋವರ್ಗೂ ಶರ್ಶೆನ್ ಕುರ್ಚೀಲಿ ಬೇರೆಯವರನ್ನ ಕೂರಿಸಲ್ಲ. ಅದು ಸತ್ರೆ ಊರಿನ ಕೊಳಚೆ ನೇರ ನದಿಗೆ. ಆಮೇಲೆ ಅವನು ವಾಪಸ್ ಬಂದು ಮಾಡೋದಾದ್ರೂ ಏನು?"

ನನಗೆ ಅರ್ಥವಾದದ್ದು ಇಷ್ಟೇ. ತೊಟ್ಟಿ ಬದುಕಿದ್ದರೆ ನೀನು ಮನೆಗೆ ಬರುತ್ತೀಯ. ಸಂಬಳದ ಬದಲು ಹಿಟ್ಟಿನ ಮೂಟೆ ಕೊಡುವ ಈ ಕಾಲ ಎಂದಾದರೂ ಮುಗಿಯಲೇಬೇಕು. ಅಲ್ಲಿಯವರೆಗೆ ಕುರ್ಚಿ ಕಾಯುತ್ತೇನೆ. ಹೇಗೆಂದು ನೀನು ಬರೆ, ಏನೂ ಗೊತ್ತಿಲ್ಲದವಳಿಗೆ ಬರೆದ ಹಾಗೆ ಬರೆ.

ನಿನ್ನ ಅಮ್ಮ ಹೇಳಿದ್ದು: "ನನ್ನ ಮಗ ಊರಿನ ಕಕ್ಕಸು ತೊಳ್ದು ತೊಳ್ದು ಸಾಕಾಗಿ ಓಡ್ದ, ಈಗ ಸೊಸೆ ಸರದಿ." ಹೇಳಿ ಆ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ನಿನ್ನ ಝೂರಾ

—

ತ್ಯುಮೆನ್, 5 ನವೆಂಬರ್ 1996

ನನ್ನ ಝೂರಾ,

ಲಾರಿ ಓಡಿಸುವ ಮೇದೆತ್‌ನ ಕೈಯಲ್ಲಿ ನಿನ್ನ ಕಾಗದವೂ ಅಮ್ಮನ ಒಣಮೊಸರಿನ ಉಂಡೆಗಳೂ ಬಂದವು. ಉಂಡೆ ಅಂದೇ ಮುಗಿಯಿತು, ಕಾಗದವನ್ನು ಇನ್ನೂ ಓದುತ್ತಿದ್ದೇನೆ.

ನನ್ನ ಚಿಂತೆ ಬಿಡು. ಇಲ್ಲಿಯದು ದೊಡ್ಡ ಕೇಂದ್ರ, ಒಂದೊಂದು ತೊಟ್ಟಿಯೂ ನಮ್ಮೂರ ಆಟದ ಮೈದಾನದಷ್ಟು. ನನಗೆ ಬೆಚ್ಚಗಿನ ಕೋಣೆ ಕೊಟ್ಟಿದ್ದಾರೆ, ಮೇಜು ಕೊಟ್ಟಿದ್ದಾರೆ, ಬಿಳಿ ಕೋಟು ಕೊಟ್ಟಿದ್ದಾರೆ.

ಈಗ ಪಾಠ. ನೀರು ಹೋಗುವ ದಾರಿಯಲ್ಲೇ ನೀನೂ ನಡೆ. ಮೊದಲು ಸರಳಿನ ಜಾಲರಿ. ಚಿಂದಿ, ಕಡ್ಡಿ, ಸತ್ತ ಇಲಿ ಅಲ್ಲಿ ನಿಲ್ಲುತ್ತವೆ, ಕುಂಟೆ ಹಾಕಿ ಎಳೆಸು. ಆಮೇಲೆ ಮರಳು ಇಳಿಯುವ ಕಾಲುವೆ. ಆಮೇಲೆ ಮೊದಲ ದುಂಡು ಕೊಳ. ಅಲ್ಲಿ ನೀರು ಸುಮ್ಮನೆ ನಿಂತರೆ ಭಾರದ್ದು ತಳ ಸೇರುತ್ತದೆ, ಜಿಡ್ಡು ಮೇಲೆ ತೇಲುತ್ತದೆ. ನೀರಿನಲ್ಲಿ ಕರಗಿಹೋದ ಕೊಳಕು ಮಾತ್ರ ಜಾಲರಿಗೆ ಸಿಗುವುದಿಲ್ಲ, ತಳಕ್ಕೂ ಇಳಿಯುವುದಿಲ್ಲ. ಅದನ್ನು ತಿನ್ನುವುದಕ್ಕೆಂದೇ ಉದ್ದ ತೊಟ್ಟಿಯಲ್ಲಿ ಕಂದು ಕೆಸರು ಇದೆ. ಕೆಸರು ಅನ್ನುವುದು ಬಾಯಿಮಾತಿಗೆ, ಅದು ಕಣ್ಣಿಗೆ ಕಾಣದ ಕೋಟಿ ಜೀವ. ಕೆಳಗಿನಿಂದ ಯಂತ್ರ ಗಾಳಿ ಊದುತ್ತಿದ್ದರೆ ಅವು ಉಸಿರಾಡುತ್ತವೆ, ಊರಿನ ಕೊಳಕು ತಿನ್ನುತ್ತವೆ, ಒಂದಕ್ಕೊಂದು ಅಂಟಿಕೊಂಡು ಭಾರವಾಗುತ್ತವೆ. ಕೊನೆಯ ಕೊಳದಲ್ಲಿ ಗಾಳಿ ಇಲ್ಲ, ಅಲ್ಲಿ ಅವು ತಳಕ್ಕೆ ಕೂತು ಮೇಲೆ ತಿಳಿನೀರು ಉಳಿಯುತ್ತದೆ. ಅದಕ್ಕೆ ಕ್ಲೋರಿನ್ ಬೆರೆಸಿ ನದಿಗೆ ಬಿಡು. ತಳದ ಕೆಸರನ್ನು ಪಂಪು ಮತ್ತೆ ತೊಟ್ಟಿಗೇ ತರುತ್ತದೆ, ಹೊಸ ಕೊಳಚೆಯನ್ನು ತಿನ್ನಲು.

ದಿನಾ ತೊಟ್ಟಿಯ ನೀರನ್ನು ಗಾಜಿನ ಜಾಡಿಯಲ್ಲಿ ಹಿಡಿದು ಅರ್ಧ ಗಂಟೆ ಅಲುಗಾಡಿಸದೆ ಇಡು. ಕೆಸರು ಚೆನ್ನಾಗಿ ಕೆಳಗಿಳಿದು ಮೇಲೆ ತಿಳಿಯಾದರೆ ಆರೋಗ್ಯ. ಇನ್ನೊಂದು ಮಾತು, ಅವು ತಿಂದ ಹಾಗೆಲ್ಲ ಹೆಚ್ಚುತ್ತವೆ. ಹೆಚ್ಚಾದದ್ದನ್ನು ಪಕ್ಕದ ಕವಾಟ ತೆರೆದು ದಿನಾ ಸ್ವಲ್ಪ ಹೊರಗೆ ಕೆಸರು ಒಣಗಿಸುವ ಮರಳಿನ ಮಡಿಗೆ ಬಿಡಬೇಕು. ಚಳಿಗಾಲದಲ್ಲಿ ತುಸು ಕಡಿಮೆ ಬಿಟ್ಟರೂ ನಡೆಯುತ್ತದೆ.

ವಸಂತಕ್ಕೆ ಬರುವ ವಿಷಯ ಆಗ ನೋಡೋಣ. ಜಿಬೆಕ್‌ಗೆ ಮುತ್ತು.

ನಿನ್ನ ಶರ್ಶೆನ್

—

ತಾಶ್-ಬುಲಾಕ್, 1 ಡಿಸೆಂಬರ್ 1996

ಜಿಬೆಕ್‌ಳ ಅಪ್ಪನಿಗೆ,

ಅಷ್ಟುದ್ದ ಬರೆಯುವ ಬದಲು ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ: ಅದು ಹೆಪ್ಪು! ನಿನ್ನೆಯ ಮೊಸರಿನಿಂದ ಇವತ್ತಿನ ಹಾಲು ಮೊಸರಾಗುತ್ತದೆ, ನಿನ್ನೆಯ ಕೆಸರಿನಿಂದ ಇವತ್ತಿನ ಕೊಳಚೆ ತಿಳಿಯಾಗುತ್ತದೆ. ಬೆಚ್ಚಗಿರಬೇಕು, ಹಸಿವಾಗಬಾರದು, ಉಸಿರು ಕಟ್ಟಬಾರದು. ಇಷ್ಟೇ ತಾನೆ? ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ನಿನ್ನ ಅಮ್ಮ ಕುದುರೆಹಾಲು ಹುಳಿಸುವ ಚರ್ಮದ ಚೀಲಕ್ಕೆ ನಾನು ಮಾಡುತ್ತಿರುವುದು ಇದನ್ನೇ.

ಕಳೆದ ವಾರ ಮಧ್ಯಾಹ್ನ ಕರೆಂಟು ಹೋಗಿ ಗಾಳಿಯಂತ್ರ ನಿಂತಿತು. ಏನು ಮಾಡಲಿ? ಹಲಗೆ ಹಿಡಿದು ತೊಟ್ಟಿಯ ಅಂಚಿನಲ್ಲಿ ಕಡೆಯಲು ನಿಂತೆ. ಒಸ್ಮೊನ್ ನೋಡಿ, "ಏನಮ್ಮಾ, ಬೆಣ್ಣೆ ಬಂತಾ?" ಅಂದರು. "ಬಂದ್ರೆ ಮೊದಲ ಮುದ್ದೆ ನಿಮಗೇ" ಅಂದೆ. ಆದರೂ ಕಡೆದೆ. ಸಂಜೆಗೆ ಕರೆಂಟು ಬಂತು. ಜಾಡಿಯಲ್ಲಿ ಕೆಸರು ಇಳಿಯಿತು, ಮೇಲೆ ತಿಳಿ. ತೊಟ್ಟಿ ಬದುಕಿದೆ.

ಹೆಚ್ಚಾದದ್ದನ್ನು ಬಿಡುವ ವಿಷಯ ನಾನು ನೋಡಿಕೊಳ್ಳುತ್ತೇನೆ, ನೀನು ತಲೆ ಕೆಡಿಸಿಕೊಳ್ಳಬೇಡ. ಅಮ್ಮನಿಗೆ ಹೇಳಿದ್ದಕ್ಕೆ, "ಹೆಪ್ಪು ಚೆಲ್ಲೋದಾ? ನಮ್ಮತ್ತೆ ಕಾಲದ ಚೀಲ ಇದು, ಒಂದಿನ ತಳ ಕಂಡಿಲ್ಲ. ಹೆಪ್ಪು ಚೆಲ್ಲಿದ ಮನೆ ಉದ್ಧಾರ ಆದದ್ದುಂಟಾ?" ಅಂದರು.

ವಸಂತದ ವಿಷಯ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದೀಯ. ಬರುತ್ತೀಯೋ ಇಲ್ಲವೋ? ಬಿಳಿ ಕೋಟು ಹಾಕಿಕೊಂಡ ಒಂದು ಫೋಟೋ ಕಳಿಸು. ಜಿಬೆಕ್ ಶಾಲೆಯಲ್ಲಿ ತೋರಿಸಬೇಕಂತೆ.

ಝೂರಾ

—

ತ್ಯುಮೆನ್, 8 ಜನವರಿ 1997

ನನ್ನ ಝೂರಾ,

ಹಲಗೆ ಹಿಡಿದು ತೊಟ್ಟಿ ಕಡೆಯುವುದೆಂದರೆ ಚಮಚದಲ್ಲಿ ಸರೋವರ ಕಲಕಿದ ಹಾಗೆ, ಹುಚ್ಚಿ. ಆದರೂ ಓದಿ ತುಂಬಾ ಹೊತ್ತು ನಕ್ಕೆ. ಇಲ್ಲಿಯ ಇಂಜಿನಿಯರುಗಳಿಗೂ ನಿನ್ನ ಹೆಪ್ಪಿನ ಮಾತು ಹೇಳಿದೆ.

ಫೋಟೋ ತೆಗೆಸಲು ಬಿಡುವಿಲ್ಲ. ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ, ಶಾಯಿ ಗಟ್ಟಿಯಾಗಿಬಿಟ್ಟಿದೆ. ಮುಂದೆ ಉದ್ದವಾಗಿ ಬರೆಯುತ್ತೇನೆ.

ಶರ್ಶೆನ್

—

ತಾಶ್-ಬುಲಾಕ್, 20 ಫೆಬ್ರವರಿ 1997

ಜಿಬೆಕ್‌ಳ ಅಪ್ಪನಿಗೆ,

ಬೆಚ್ಚಗಿನ ಕೋಣೆಯಲ್ಲಿ ಶಾಯಿ ಹೇಗೆ ಗಟ್ಟಿಯಾಯಿತು ಎಂದು ಕೇಳಬೇಕೆಂದಿದ್ದೆ. ಕೇಳುವ ಸ್ಥಿತಿಯಲ್ಲಿ ನಾನಿಲ್ಲ. ತೊಟ್ಟಿ ಕೆಟ್ಟಿದೆ.

ಮೇಲೆಲ್ಲ ಕಂದು ನೊರೆ, ಸುಟ್ಟ ಕೊಬ್ಬಿನಂತೆ ದಪ್ಪ, ಕೋಲು ನೆಟ್ಟರೆ ನಿಲ್ಲುತ್ತದೆ. ಜಾಡಿಯಲ್ಲಿ ಕೆಸರು ಇಳಿಯುವುದೇ ಇಲ್ಲ, ಬಾಯಿಯವರೆಗೂ ತುಂಬಿಕೊಂಡು ಕೂತಿದೆ. ಕೊನೆಯ ಕೊಳದಲ್ಲಿ ತಿಳಿನೀರು ಹೋಗಬೇಕಾದ ಅಂಚಿನ ಮೇಲೆ ಕೆಸರೇ ಉಕ್ಕಿ ನದಿಗೆ ಹೋಗುತ್ತಿದೆ. ಒಸ್ಮೊನ್ ಬಂದು ನೋಡಿ, "ಮಾರ್ಚಿನ ನಮ್ಮ ಹೊಸ ವರ್ಷದ ಹಬ್ಬದವರೆಗೆ ಟೈಮ್ ಕೊಡ್ತೀನಿ ಝೂರಾ. ಅಷ್ಟರಲ್ಲಿ ಸರಿಹೋಗ್ಲಿಲ್ಲ ಅಂದ್ರೆ ಮುಚ್ಚೋದೇ" ಅಂದರು. ನಗಲಿಲ್ಲ.

ನಿನ್ನ ಹತ್ತಿರ ಮುಚ್ಚಿಟ್ಟು ಏನಾಗಬೇಕು? ನಾನು ಒಂದು ದಿನವೂ ಆ ಕವಾಟ ತೆರೆದಿಲ್ಲ. ಅಮ್ಮ ಹೇಳಿದರೆಂದಲ್ಲ. ಕವಾಟದ ಮೇಲೆ ಕೈ ಇಟ್ಟವಳು ಪ್ರತಿ ಸಲ ತಿರುಗಿಸದೆ ವಾಪಸ್ ಬರುತ್ತಿದ್ದೆ. ಅದು ನೀನು ಸಾಕಿದ್ದು. ನೀನಿಲ್ಲದ ಊರಿನಲ್ಲಿ ನಿನ್ನ ಕೈಯದು ಅಂತ ಉಳಿದಿರುವುದು ಅದೊಂದೇ. ಎಷ್ಟು ಹೆಚ್ಚಿದರೆ ಅಷ್ಟು ಒಳ್ಳೆಯದು ಅಂದುಕೊಂಡೆ. ಬೈಯಬೇಕೆನಿಸಿದರೆ ಬೈ, ಆದರೆ ಬೇಗ ಬರೆ.

ಝೂರಾ

—

3 ಮಾರ್ಚ್ 1997

ಝೂರಾ,

ಮೇದೆತ್ ಇಂದೇ ಹೊರಡುತ್ತಾನೆ, ಅವನ ಲಾರಿಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ.

ನಿನಗೆ ನಾನು ಹೇಳಿದ್ದೇನು, ನೀನು ಮಾಡಿದ್ದೇನು? ಅಮ್ಮನ ಚೀಲದಿಂದ ಮನೆಯವರು ದಿನಾ ಕುಡಿಯುತ್ತಾರೆ, ಅದಕ್ಕೇ ಅದು ಉಳಿದಿದೆ. ಯಾರೂ ಕುಡಿಯದ ಚೀಲ ಒಡೆದುಹೋಗುತ್ತದೆ. ಇಷ್ಟು ತಿಳಿಯಲಿಲ್ಲವಾ ನಿನಗೆ? ಹಳೆಯ ಕೆಸರು ದುಡಿಯುವುದಿಲ್ಲ. ಸುಮ್ಮನೆ ಜಾಗ ಹಿಡಿದು ಕೂತಿರುತ್ತದೆ, ಎಳೆಯದಕ್ಕೆ ಸೇರಬೇಕಾದ ಗಾಳಿಯನ್ನೂ ಕುಡಿಯುತ್ತದೆ. ಇಟ್ಟುಕೊಂಡಷ್ಟೂ ಎಲ್ಲವೂ ಸಾಯುತ್ತದೆ.

ಕಲ್ಲು ಮನಸ್ಸು ಮಾಡು. ಕವಾಟ ತೆರೆ. ದಿನಾ ಬಿಡು, ಅರ್ಧದಷ್ಟು ಹೋಗುವವರೆಗೆ ಬಿಡು. ನೊರೆಯನ್ನು ಬಾಚಿ ಹೊರಗೆ ಹಾಕಿಸು, ತೊಟ್ಟಿಗೆ ವಾಪಸ್ ಬೀಳಬಾರದು. ಅಳುತ್ತಾ ಬೇಕಾದರೂ ಬಿಡು, ಆದರೆ ಬಿಡು.

ಶರ್ಶೆನ್

—

ತಾಶ್-ಬುಲಾಕ್, 18 ಏಪ್ರಿಲ್ 1997

ಜಿಬೆಕ್‌ಳ ಅಪ್ಪನಿಗೆ,

ಬಾಯಿಗೆ ಬಂದ ಹಾಗೆ ಬೈದೆ, ಒಳ್ಳೆಯದೇ ಆಯಿತು. ಅಳುತ್ತಲೇ ಬಿಟ್ಟೆ. ಮೊದಲ ದಿನ ನಿನ್ನ ಅಮ್ಮ ಕೋಲೂರಿಕೊಂಡು ನನ್ನ ಜೊತೆ ಬಂದರು. ಮಡಿಯ ಮೇಲೆ ಕೆಸರು ಹರಿಯುವುದನ್ನು ನೋಡಿ, "ಹೋಗವ್ವಾ, ನಮ್ಮನೇಲಿ ನಿನ್ನ ಕೆಲಸ ಮುಗೀತು, ಬೇಜಾರ್ ಮಾಡ್ಕೋಬೇಡ" ಅಂತ ಕೈ ಎತ್ತಿ ಹರಸಿದರು. ಪಂಪಿನವನು ಬಿದ್ದು ಬಿದ್ದು ನಕ್ಕ.

ಮೂರು ವಾರ ಹಿಡಿಯಿತು. ಹಬ್ಬದ ಗಡುವು ದಾಟಿದರೂ ಒಸ್ಮೊನ್ ಸುಮ್ಮನಿದ್ದರು, ಅವರಿಗೆ ಪುಣ್ಯ ಬರಲಿ. ಈಗ ಕೊನೆಯ ಕೊಳದಲ್ಲಿ ಇಣುಕಿದರೆ ತಳದಲ್ಲಿ ಕೆಸರು ಬಾಚುವ ಕಬ್ಬಿಣದ ತೋಳು ತಿರುಗುವುದು ಕಾಣುತ್ತದೆ. ಜಿಬೆಕ್ ಅದರಲ್ಲಿ ಮುಖ ನೋಡಿಕೊಂಡಳು.

ಇನ್ನೊಂದು ಸುದ್ದಿ, ಕೂತು ಓದು. ನಿನ್ನ ಕೋಣೆಯ ಬಾಗಿಲಿಗೆ ನನ್ನ ಹೆಸರು ಬರೆಸಿದ್ದಾರೆ! ಆಲೂಗಡ್ಡೆ ಸುಲಿಯುವವಳು ಈಗ ತಂತ್ರಜ್ಞೆ. ಬೇಗ ಬಾ, ಊಟದ ಮನೆಯಲ್ಲಿ ಅಡುಗೆಯವರಿಲ್ಲ, ಆ ಕೆಲಸ ನಿನಗೇ ಕೊಡಿಸುತ್ತೇನೆ. ಸಾರಿಗೆ ಉಪ್ಪು ಕಡಿಮೆಯಾದರೆ ಮಾತ್ರ ಸಂಬಳ ಕಟ್!

ನಿನ್ನ ಮೇಲಧಿಕಾರಿ ಝೂರಾ

—

ತ್ಯುಮೆನ್, 2 ಜೂನ್ 1997

ಝೂರಾ,

ಬಡ್ತಿಯ ಸುದ್ದಿ ತಿಳಿದು ಸಂತೋಷವಾಯಿತು. ನೀನು ಅದಕ್ಕೆ ತಕ್ಕವಳು.

ಇಲ್ಲಿ ನನ್ನ ಕೆಲಸವನ್ನು ಇನ್ನೂ ಮೂರು ವರ್ಷಕ್ಕೆ ಮುಂದುವರಿಸಿದ್ದಾರೆ. ಒಪ್ಪಿಕೊಂಡಿದ್ದೇನೆ. ಅಲ್ಲಿ ನನ್ನ ಅಗತ್ಯವೇನೂ ಕಾಣುವುದಿಲ್ಲ. ಅಮ್ಮನ ಆರೋಗ್ಯ ನೋಡಿಕೊ.

ಶರ್ಶೆನ್

—

ತಾಶ್-ಬುಲಾಕ್, 25 ಜೂನ್ 1997

ಜಿಬೆಕ್‌ಳ ಅಪ್ಪನಿಗೆ,

ನಿನ್ನ ಕಾಗದವನ್ನು ಅಮ್ಮನಿಗೆ ಓದಿ ಹೇಳಲಿಲ್ಲ. ಚೆನ್ನಾಗಿದ್ದಾನೆ ಅಂದೆ.

ಯಾವಳೋ ಇದ್ದಾಳೆ ಅಂದುಕೊಂಡೆ. ಹಾಗೆ ಅಂದುಕೊಂಡೇ ಒಂದು ವಾರ ಅನ್ನ ಇಳಿಯಲಿಲ್ಲ. ಆಮೇಲೆ ಮೇದೆತ್ ಊರಿಗೆ ಬಂದಾಗ ಅವನ ಕೊರಳಪಟ್ಟಿ ಹಿಡಿದು ಕೇಳಿದೆ. "ಅಕ್ಕಾ, ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದಾನೆ" ಅಂದ. "ಆಣೆ ನನ್ ತಲೆ ಮೇಲಿರ್ಲಿ, ಹೇಳು" ಅಂದೆ. "ಯಾವ ಕೋಟೂ ಇಲ್ಲ, ಕೋಣೆನೂ ಇಲ್ಲ ಅಕ್ಕ. ನಮ್ಮ ಸರ್ಟಿಫಿಕೇಟು ಅಲ್ಲಿ ನಡೆಯಲ್ಲ ಅಂತ ಮೊದಲನೇ ತಿಂಗಳೇ ಹೊರಗೆ ಹಾಕಿದ್ರು. ಕೊಳವೆಗೆ ಹಳ್ಳ ತೋಡ್ತಾನೆ. ತಗಡಿನ ಗಾಡೀಲಿ ಎಂಟು ಜನರ ಜೊತೆ ಮಲಗ್ತಾನೆ" ಅಂದ.

ಅಯ್ಯೋ ದೇವರೇ. ಹೊಟ್ಟೆಗೆ ಹಿಟ್ಟಿಲ್ಲದವನು ನನಗೆ ಬಿಳಿ ಕೋಟಿನ ಕಥೆ ಹೇಳಿದೆಯಲ್ಲ. ಆ ಗಾಡಿಯಲ್ಲಿ ಕೂತು ನನಗೆ ಜಾಲರಿ, ಕೊಳ, ಜಾಡಿ ಅಂತ ಪಾಠ ಬರೆದೆಯಾ? ನಾನು ಇಲ್ಲಿ ಬೆಣ್ಣೆಯ ತಮಾಷೆ ಬರೆಯುತ್ತಿದ್ದೆ.

ಅಡುಗೆಯ ಮಾತು ತಮಾಷೆ ಕಣೋ. ಕುರ್ಚಿಯಲ್ಲಿ ನಾನು ಕೂರದಿದ್ದರೆ ರಾಜಧಾನಿಯಿಂದ ಬೇರೆ ಯಾರನ್ನೋ ಕಳಿಸುತ್ತಿದ್ದರು, ಅದಕ್ಕೇ ಕೂತೆ. ಅದನ್ನು ಬರೆಯದೆ ತಮಾಷೆ ಒಂದನ್ನೇ ಬರೆದೆ, ನನ್ನ ನಾಲಿಗೆಗೆ ಬೆಂಕಿ ಬೀಳಲಿ. ಹಳ್ಳ ತೋಡುವುದೇ ಆದರೆ ಇಲ್ಲಿ ಬಂದು ತೋಡು. ಸಾಯಂಕಾಲ ಕೈಗೆ ಎಣ್ಣೆ ಹಚ್ಚಲು ನಾನಾದರೂ ಇರುತ್ತೇನೆ. ಬಾ. ಇನ್ನೇನೂ ಕೇಳುವುದಿಲ್ಲ, ಬಾ.

ಝೂರಾ

—

3 ಸೆಪ್ಟೆಂಬರ್ 1997

ಝೂರಾ,

ನಿನ್ನ ಕಾಗದ ಓದಿದ ಮೇಲೆ ನಾನು ಬಂದಿದ್ದೆ. ಹೌದು, ಆಗಸ್ಟಿನಲ್ಲಿ. ನಿನಗೆ ತಿಳಿಸದೆ ಬಂದೆ. ಬಸ್ಸಿನಿಂದ ಇಳಿದವನು ಮನೆಗೆ ಹೋಗದೆ ನೇರ ಕೇಂದ್ರದ ಬೇಲಿಯ ಹತ್ತಿರ ಹೋದೆ. ಮೊದಲು ತೊಟ್ಟಿ ನೋಡಬೇಕೆನಿಸಿತು, ಯಾಕೋ ಗೊತ್ತಿಲ್ಲ.

ನೀನು ತೊಟ್ಟಿಯ ಅಂಚಿನ ಮೇಲೆ ನಿಂತಿದ್ದೆ. ಕಾಲಲ್ಲಿ ನನ್ನ ಬೂಟು. ಒಸ್ಮೊನ್ ಜೊತೆ ಟೈ ಕಟ್ಟಿದ ಇಬ್ಬರು ದೊಡ್ಡ ಮನುಷ್ಯರು. ನೀನು ಕೈ ಬೀಸಿ ಬೀಸಿ ಏನೋ ಹೇಳುತ್ತಿದ್ದೆ, ಅವರು ತಲೆದೂಗುತ್ತಿದ್ದರು. ಗಾಳಿಯಂತ್ರದ ಸದ್ದಿನಲ್ಲಿ ನನಗೆ ಒಂದು ಮಾತೂ ಕೇಳಿಸಲಿಲ್ಲ. ಅಷ್ಟು ವರ್ಷ ನಾನೂ ಅದೇ ಅಂಚಿನ ಮೇಲೆ ನಿಂತಿದ್ದೆ, ನನ್ನ ಮಾತನ್ನು ಯಾರೂ ಹಾಗೆ ನಿಂತು ಕೇಳಿದ್ದಿಲ್ಲ. ಕಾಲುವೆಯಲ್ಲಿ ಹೋಗುತ್ತಿದ್ದ ನೀರು ನನ್ನ ಕಾಲದಲ್ಲೂ ಅಷ್ಟು ತಿಳಿಯಾಗಿರಲಿಲ್ಲ. ಸುಳ್ಳು ಹೇಳುವುದಿಲ್ಲ, ನನಗೆ ಹೆಮ್ಮೆಯಾಯಿತು. ಆಮೇಲೆ ಬೇಲಿಯಿಂದಲೇ ಹಿಂದಿರುಗಿದೆ.

ಬಂದಿದ್ದರೆ ನೀನು ಕುರ್ಚಿ ಬಿಟ್ಟುಕೊಡುತ್ತಿದ್ದೆ. ನಾಚಿಕೆ ಬಿಟ್ಟು ನಾನು ಕೂರುತ್ತಲೂ ಇದ್ದೆ. ಮುಂದೆ ತೊಟ್ಟಿಗೆ ಏನಾದರೂ ಆದಾಗ ಎಲ್ಲರೂ ನನ್ನನ್ನು ದಾಟಿ ನಿನ್ನ ಮುಖ ನೋಡುತ್ತಿದ್ದರು. ಅದನ್ನು ನಾನು ಸಹಿಸುತ್ತಿರಲಿಲ್ಲ ಝೂರಾ, ನಿನ್ನ ಮೇಲೆ ಹರಿಹಾಯುತ್ತಿದ್ದೆ. ನನ್ನನ್ನು ನಾನು ಬಲ್ಲೆ.

ಜಿಬೆಕ್‌ಗೆಂದು ಕೆಂಪು ಬೂಟು ತಂದಿದ್ದೆ. ಬಸ್ ನಿಲ್ದಾಣದಲ್ಲಿ ಕತ್ತಲಾಗುವವರೆಗೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಆಮೇಲೆ ಪಕ್ಕದಲ್ಲಿದ್ದ ಯಾರದೋ ಮಗುವಿಗೆ ಕೊಟ್ಟೆ.

ಕೊಳವೆ ಹಾಕುವ ಗುಂಪಿನ ಜೊತೆ ನಾಳೆ ಉತ್ತರಕ್ಕೆ ಹೋಗುತ್ತಿದ್ದೇನೆ. ಅಲ್ಲಿಗೆ ಅಂಚೆ ಇಲ್ಲ. ಮೇದೆತ್‌ಗೂ ದಾರಿ ಗೊತ್ತಿಲ್ಲ. ಕಾಯಬೇಡ.

ಶರ್ಶೆನ್

—

ತಾಶ್-ಬುಲಾಕ್, 29 ಸೆಪ್ಟೆಂಬರ್ 1997

ಶರ್ಶೆನ್,

ಬೇಲಿಯ ಹತ್ತಿರ ನಿಂತು ಎಲ್ಲ ನೋಡಿದೆ. ನಾನು ಏನು ಹೇಳುತ್ತಿದ್ದೆ ಅಂತ ಒಂದು ಸಲ ಒಳಗೆ ಬಂದು ಕೇಳಬಾರದಾಗಿತ್ತಾ?

ಅವರು ನನ್ನ ಕೆಲಸ ಕಾಯಂ ಮಾಡಲು ರಾಜಧಾನಿಯಿಂದ ಬಂದಿದ್ದರು. ನಾನು ಅವರಿಗೆ ಹೇಳುತ್ತಿದ್ದದ್ದು ಇದು: "ಸ್ವಾಮಿ, ಈ ತೊಟ್ಟಿ ಕಟ್ಟಿ ಬೆಳೆಸಿದ್ದು ನನ್ನ ಗಂಡ. ನಂಗೆ ಅಕ್ಷರ ಅಕ್ಷರ ಹೇಳ್ಕೊಟ್ಟಿದ್ದೂ ಅವನೇ. ಅವನು ಅಲ್ಲೆಲ್ಲೋ ಹಳ್ಳ ತೋಡ್ತಾ ಬಿದ್ದಿದಾನೆ. ಕೆಲಸ ಕೊಡೋದಾದ್ರೆ ಅವನಿಗೆ ಕೊಡಿ, ನಾನು ಅವನ ಕೈಕೆಳಗೆ ಜಾಡಿ ತೊಳ್ಕೊಂಡಿರ್ತೀನಿ." ಕೈ ಬೀಸಿದ್ದು ಅದಕ್ಕೆ, ಕೂಗಾಡಿದ್ದೂ ಅದಕ್ಕೆ. ಅವರು ತಲೆದೂಗಿದ್ದು, ಆಗಲಮ್ಮ ಅಂತ. ಇಬ್ಬರಿಗೂ ಕೆಲಸ ಅಂತ ಅಲ್ಲೇ ನಿಂತು ಒಪ್ಪಿದರು. ಆದೇಶ ಕೈಗೆ ಬಂದ ಮೇಲೆ ನಿನಗೆ ಬರೆಯೋಣ ಅಂತಿದ್ದೆ.

ಅವತ್ತು ಸಂಜೆ ನಿನ್ನ ಅಮ್ಮ ಹಿಟ್ಟು ನಾದಿದರು. ರೊಟ್ಟಿ ಕರಿದು ಬೀದಿಗೆಲ್ಲ ಹಂಚಿದೆವು, ಮಗ ಬರ್ತಾನೆ ಅಂತ. ಜಿಬೆಕ್ ಓಡಿ ಓಡಿ ಕೊಟ್ಟು ಬಂದಳು, ಬಸ್ ನಿಲ್ದಾಣದವರೆಗೂ ಹೋಗುತ್ತೇನೆ ಅಂದಳು. ಕತ್ತಲಾಯಿತು ಬೇಡ ಅಂತ ನಾನೇ ತಡೆದೆ.

ನಿನ್ನ ಹೊಸ ವಿಳಾಸ ಇಲ್ಲ. ಹಳೆಯದನ್ನೇ ಬರೆದು ಅಂಚೆಕಚೇರಿಗೆ ಹೋದೆ. ಅಲ್ಲಿಯವಳು ನೋಡಿ, "ಆ ಜನ ಅಲ್ಲಿಲ್ಲ ಕಣೇ, ಮೊನ್ನೆಯಿಂದ ಆ ವಿಳಾಸದ್ದೆಲ್ಲ ವಾಪಸ್ ಬರ್ತಿದೆ. ಇದೂ ತಿರುಗಿ ಬರುತ್ತೆ" ಅಂದಳು. ಅಲ್ಲೇ ಕಿಟಕಿಯ ಹತ್ತಿರ ನಿಂತು ಈ ಕೊನೆಯ ಸಾಲು ಸೇರಿಸುತ್ತಿದ್ದೇನೆ. ಬರಲಿ ಬಿಡು ಅಂದೆ, ಅದಾದರೂ ಮನೆಗೆ ಬರಲಿ.

ಝೂರಾ